ಪಬ್ಲಿಕ್ ಪಾಲಿಸಿ ಸೀಟು ಬೇಕಾ? ಆನೆ ಕಂದಕದಿಂದ ಶುರು ಮಾಡಿ

ಈಗ ನೀವು ನೋಡ್ತಿರೋದು ಕೊಡಗಿನ ಸಿದ್ದಾಪುರ, ಮಾಲ್ದಾರೆ ಕಡೆಯ ಕಾಫಿ ತೋಟ. ಆ ತಂತಿ ಸೋಲಾರ್ ಬೇಲಿ. ಅದರಾಚೆ ಅರ್ಧ ಮುಚ್ಚಿಹೋಗಿರೋದು ಆನೆ ಕಂದಕ, ಅಂದ್ರೆ ಆನೆ ದಾಟದಿರಲಿ ಅಂತ ಅಗೆದ ಗುಂಡಿ. ಪಬ್ಲಿಕ್ ಪಾಲಿಸಿ, ಅಂದ್ರೆ ಸರ್ಕಾರದ ನೀತಿಗಳನ್ನ ಓದೋ ಮಾಸ್ಟರ್ಸ್‌ಗೆ ಅರ್ಜಿ ಹಾಕೋರಿಗೆ ಬೇಕಾದ ಮುಕ್ಕಾಲು ಸರಕು ಇಲ್ಲೇ ಇದೆ.

ಸ್ಟೇಟ್‌ಮೆಂಟ್ ಆಫ್ ಪರ್ಪಸ್ (ಈ ಕೋರ್ಸ್ ಯಾಕೆ ಬೇಕು ಅಂತ ಅರ್ಜಿ ಜತೆ ಕೊಡೋ ಬರಹ) ಬರೀರಿ ಅಂದ್ರೆ ಬಹಳಷ್ಟು ಜನ "ಚಿಕ್ಕಂದಿನಿಂದಲೂ ಸಮಾಜಸೇವೆಯ ಆಸೆ" ಅಂತ ಶುರು ಮಾಡ್ತಾರೆ. ಕೊಡಗಿನವರಾದ್ರೆ 2018ರ ಭೂಕುಸಿತದ ಮೇಲೆ ಕಣ್ಣೀರು ತರಿಸೋ ಒಂದು ಪುಟ. ದುಃಖ ಸುಳ್ಳಲ್ಲ. ಆದ್ರೆ ಆಯ್ಕೆ ಸಮಿತಿಗೆ ಬೇಕಾಗಿರೋದು ಬೇರೆ: ತೀರ್ಮಾನ ಯಾರದ್ದು, ದುಡ್ಡು ಯಾರದ್ದು, ಕೆಟ್ಟಿದ್ದು ಎಲ್ಲಿ?

ಕಂದಕವನ್ನೇ ತಗೊಳ್ಳಿ. ಬಂಡೆ ಇರೋ ಕಡೆ, ಹೊಳೆ ಅಡ್ಡ ಬಂದ ಕಡೆ ಅಗೆಯೋಕಾಗಲ್ಲ. ಮಳೆಗಾಲದಲ್ಲಿ ಬದಿ ಕುಸಿದು ಮಣ್ಣು ತುಂಬುತ್ತೆ. ಸೋಲಾರ್ ಬೇಲಿ ಮೇಲೆ ಆನೆ ಮರ ಉರುಳಿಸುತ್ತೆ, ದಂತಕ್ಕಂತೂ ಶಾಕ್ ತಟ್ಟಲ್ಲ. ರೈಲು ಕಂಬಿ ಬೇಲಿ ಗಟ್ಟಿ, ಖರ್ಚೂ ಅಷ್ಟೇ. ಇದೆಲ್ಲಕ್ಕಿಂತ ದೊಡ್ಡ ತೊಡಕು, ಕೆಲವು ಆನೆಗಳು ತೋಟದೊಳಗೇ ಬೀಡುಬಿಟ್ಟಿವೆ. ಕಾಡಂಚಿಗೆ ಬೇಲಿ ಬಿಗಿದ್ರೆ ಅವು ಒಳಗೇ ಉಳೀತವೆ. ಮುಂಜಾನೆ ಲೈನ್ ಮನೆಯಿಂದ (ತೋಟದ ಕಾರ್ಮಿಕರ ಸಾಲುಮನೆ) ಕೆಲಸಕ್ಕೆ ನಡ್ಕೊಂಡು ಹೋಗೋರಿಗೆ ಆ ಬೇಲಿಯಿಂದ ಏನು ಉಪಯೋಗ? ಇನ್ನು ಜಮ್ಮಾ ಜಮೀನಿನ (ಕೊಡಗಿನ ವಂಶಪಾರಂಪರ್ಯದ ಕುಟುಂಬ ಜಮೀನು) ಪಹಣಿ ಪಟ್ಟೇದಾರರ, ಅಂದ್ರೆ ಕುಟುಂಬದ ಹಿರಿಯರ ಹೆಸರಲ್ಲಿದ್ದು, ಬೆಳೆ ನೋಡ್ಕೊಳ್ಳೋರು ಕುಟುಂಬದ ಬೇರೆಯವರಾಗಿದ್ರೆ ಬೆಳೆಹಾನಿ ಪರಿಹಾರ ಯಾರ ಕೈಗೆ? ಇಂಥ ಒಂದೇ ಪ್ರಶ್ನೆ ಹಿಡೀರಿ. ನಾಲ್ಕು ಬೇಡ.

ದಾಖಲೆಗೆ ಅರಣ್ಯ ಇಲಾಖೆಗೆ ಆರ್‌ಟಿಐ (ಮಾಹಿತಿ ಹಕ್ಕು ಅರ್ಜಿ) ಹಾಕಿ. 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಯಾಕೆ ಮಾಡಿಲ್ಲ" ಅಂತ ಕೇಳಿದ್ರೆ ಅರ್ಜಿ ಬಿದ್ದುಹೋಗುತ್ತೆ. ಕಚೇರಿ ಕೊಡಬೇಕಾಗಿರೋದು ಕಡತದಲ್ಲಿರೋದನ್ನ, ವಿವರಣೆಯನ್ನಲ್ಲ. ಆದ್ದರಿಂದ "ಇಂಥ ಅರಣ್ಯ ವಲಯದಲ್ಲಿ ಮೂರು ವರ್ಷದಲ್ಲಿ ಬಂದ ಬೆಳೆಹಾನಿ ಅರ್ಜಿ, ಪಾವತಿ ದಿನಾಂಕಗಳ ನಕಲು" ಅಂತ ಕೇಳಿ. ಅರ್ಜಿ ಬಂದ ದಿನಕ್ಕೂ ಪಾವತಿ ದಿನಕ್ಕೂ ಇರೋ ಅಂತರವನ್ನ ಎಕ್ಸೆಲ್‌ನಲ್ಲಿ ಹಾಕಿ ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರೋ ಸಂಖ್ಯೆ) ತೆಗೀರಿ. ಸರಾಸರಿ ಬೇಡ, ವರ್ಷಗಟ್ಟಲೆ ಕೊಳೆತ ಎರಡು ಕಡತ ಸಾಕು ಅದನ್ನ ಕೆಡಿಸೋಕೆ.

ಇದನ್ನೇ ಎರಡು ಪುಟದ ಪಾಲಿಸಿ ಮೆಮೊ (ತೀರ್ಮಾನ ತಗೊಳ್ಳೋರಿಗೆ ಬರೆಯೋ ಚಿಕ್ಕ ಟಿಪ್ಪಣಿ) ಮಾಡಿ: ಸಮಸ್ಯೆ, ಮೂರು ದಾರಿ, ಖರ್ಚು, ನಿಮ್ಮ ಶಿಫಾರಸು, ಅದರಿಂದ ನಷ್ಟ ಯಾರಿಗೆ. ಕೊನೆಯದನ್ನ ಯಾರೂ ಬರೆಯಲ್ಲ, ಬರೆದವರು ಎದ್ದು ಕಾಣ್ತಾರೆ. ರೈಟಿಂಗ್ ಸ್ಯಾಂಪಲ್ ಕೇಳೋ ಕಡೆ ಇದನ್ನೇ ಕೊಡಬಹುದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಎಂಪಿಪಿಗೆ (ಪಬ್ಲಿಕ್ ಪಾಲಿಸಿ ಮಾಸ್ಟರ್ಸ್) ಅದರ ಪ್ರವೇಶ ಪರೀಕ್ಷೆ ಎನ್‌ಎಲ್‌ಸ್ಯಾಟ್ ಬರೆಯೋರಿಗೂ ವಾದ ಕಟ್ಟಿ ಬರೆಯೋ ಅಭ್ಯಾಸ ಆಗುತ್ತೆ.

ಡಿಗ್ರಿಯಲ್ಲಿ ಗಣಿತ ಇರಲಿಲ್ವಾ? ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ಸ್ವಯಂ ಪೋರ್ಟಲ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್, ಮೈಕ್ರೋ ಎಕನಾಮಿಕ್ಸ್ ಮಾಡಿ, ಪರೀಕ್ಷೆ ಬರೆದು ಅಂಕ ತೋರಿಸಿ.

ಶಿಫಾರಸು ಪತ್ರಕ್ಕೆ ಎಂಎಲ್‌ಎ ಮನೆ ಮುಂದೆ ನಿಲ್ಲಬೇಡಿ. ನಿಮ್ಮ ಕೆಲಸ ಕಣ್ಣಾರೆ ನೋಡಿದ ಪಂಚಾಯ್ತಿ ಪಿಡಿಒ ಅಥವಾ ಪಾಠ ಮಾಡಿದ ಮೇಷ್ಟ್ರು ಬರೆದ ಪತ್ರಕ್ಕೆ ತೂಕ ಜಾಸ್ತಿ. ಆರು ವಾರ ಮೊದಲೇ ಕೇಳಿ, ಜತೆಗೆ ಮೆಮೊ, ಬಯೋಡೇಟಾ ಕೊಡಿ. ವಿದೇಶಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಪತ್ರ ಬರೆಯೋರಿಗೇ ನೇರವಾಗಿ ಅದನ್ನ ಹಾಕೋ ಲಿಂಕ್ ಮೇಲ್ ಮಾಡ್ತವೆ, ಅದು ಸ್ಪ್ಯಾಮ್‌ಗೆ ಹೋಗೋದೂ ಉಂಟು. ಗಡುವಿಗೆ ಹತ್ತು ದಿನ ಮುಂಚೆ ಫೋನ್ ಮಾಡಿ, "ಸರ್, ಒಂದ್ಸಲ ಸ್ಪ್ಯಾಮ್ ಫೋಲ್ಡರ್ ನೋಡ್ತೀರಾ" ಅಂತ ಕೇಳಿ.