ನೀರಿನ ಸಂಪಿನೊಳಗೆ ಕೋಲು ಇಳಿಸುವ ಸಿರಿವಂತರು

ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಬೆಂಗಳೂರಿನ ನೀರಿನ ಬಗ್ಗೆ ಎರಡು ಮಾತು ಆಡಿದ್ದಕ್ಕೆ ವೀಕ್ಷಕರೊಬ್ಬರು, "ಸ್ವಾಮಿ, ಎಲ್ಲರ ಕೈಯಲ್ಲೂ ಐಫೋನ್ ಇರುವ, ಹತ್ತೇ ನಿಮಿಷದಲ್ಲಿ ತರಕಾರಿ ಬಾಗಿಲಿಗೆ ಬರುವ ಊರಿನಲ್ಲಿ ಕುಳಿತು ಮೂಲಭೂತ ಅಗತ್ಯವೆಂದು ಗೋಳಾಡಲು ನಾಚಿಕೆಯಾಗುವುದಿಲ್ಲವೇ?" ಎಂದು ಬರೆದಿದ್ದಾರೆ. ಆಗುತ್ತದೆ ಸ್ವಾಮಿ. ಕೊತ್ತಂಬರಿ ಸೊಪ್ಪು ಹತ್ತು ನಿಮಿಷದಲ್ಲಿ ಬಂದರೂ ಅದನ್ನು ತೊಳೆಯುವ ನೀರಿಗೆ ಟ್ಯಾಂಕರಿನವನು ಫೋನ್ ಎತ್ತುವವರೆಗೆ ಕಾಯಬೇಕಲ್ಲ, ಅದಕ್ಕೆ ನಾಚಿಕೆಯಾಗುತ್ತದೆ.

ನನ್ನ ಮಾತು ಒಂದೇ: ನಲ್ಲಿ ತಿರುಗಿಸಿದರೆ ನೀರು ಬಾರದ ಊರನ್ನು ಸಿರಿವಂತ ಊರೆಂದು ಕರೆಯಬೇಡಿ.

ನಮ್ಮ ಎದುರುಮನೆಯ ಅಜ್ಜಿ ಬೆಳಗಿನ ಐದು ಗಂಟೆಗೆ ಸಂಪಿನ ಕಬ್ಬಿಣದ ಮುಚ್ಚಳ ಸರಿಸಿ, ಬಟ್ಟೆ ಒಣಹಾಕುವ ಕೋಲನ್ನು ಒಳಗಿಳಿಸಿ, ಮೇಲೆತ್ತಿ, ಒದ್ದೆಯಾದಷ್ಟನ್ನು ಗೇಣಿನಲ್ಲಿ ಅಳೆದು, "ಎರಡು ಗೇಣಿದೆ ಕಣೇ, ಇವತ್ತು ತಲೆಗೆ ನೀರು ಹಾಕ್ಕೋಬೇಡ" ಎಂದು ಮೊಮ್ಮಗಳಿಗೆ ಹೇಳುತ್ತಾರೆ. ಆ ಮೊಮ್ಮಗಳು ಕೆಲಸ ಮಾಡುವುದು ಕೃತಕ ಬುದ್ಧಿಮತ್ತೆಯ ಕಂಪನಿಯಲ್ಲಿ.

2007ರಲ್ಲಿ ಬಿಬಿಎಂಪಿ ರಚನೆಯಾದಾಗ ಸುತ್ತಲಿನ 110 ಹಳ್ಳಿಗಳು ನಗರಕ್ಕೆ ಸೇರಿದವು. ಅವುಗಳಿಗೆಂದೇ ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ ನೀರಿನ ಯೋಜನೆಯ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ. ಅಂದರೆ ಆ ಹಳ್ಳಿಗಳು ನಗರವಾದ ವರ್ಷ ಹುಟ್ಟಿದ ಕೂಸು, ನೀರು ಬರುವ ಹೊತ್ತಿಗೆ ಪಿಯುಸಿ ಓದುತ್ತಿತ್ತು. ತೆರಿಗೆಯ ರಸೀದಿಗೆ ಮಾತ್ರ ಅಷ್ಟು ವರ್ಷ ಕಾಯಬೇಕಾಗಲಿಲ್ಲ.

ಇನ್ನು ಬೆಲೆ. 2024ರ ಮಾರ್ಚಿನಲ್ಲಿ ಜಿಲ್ಲಾಡಳಿತವು 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ನಿಗದಿ ಮಾಡಿತು. ಸಾವಿರ ಲೀಟರಿಗೆ 83 ರೂಪಾಯಿ ಬಿತ್ತು. ಆಗ ಜಲಮಂಡಳಿಯ ಗೃಹಬಳಕೆಯ ಮೊದಲ ಹಂತದ, ಅಂದರೆ ಅತಿ ಕಡಿಮೆ ನೀರು ಬಳಸುವವರ, ದರ ಸಾವಿರ ಲೀಟರಿಗೆ 7 ರೂಪಾಯಿ. ಕೊಳವೆ ತಲುಪದ ಬೀದಿಯವರು, ತಲುಪಿದ ಬೀದಿಯವರಿಗಿಂತ ಹೆಚ್ಚುಕಡಿಮೆ 12 ಪಟ್ಟು ಕೊಟ್ಟು ಅದೇ ಅನ್ನ ಬೇಯಿಸಿಕೊಂಡರು. ನಲ್ಲಿಯಲ್ಲಿ ನೀರು ಬಾರದ ಊರು, ಸ್ವಾಮಿ, ಸಿರಿವಂತ ಊರಲ್ಲ.

(ಇಲ್ಲಿಯವರೆಗೆ ಕೇಳಿಸಿಕೊಂಡೂ ಚಂದಾದಾರರಾಗದವರು ದಯವಿಟ್ಟು ಗಂಟೆ ಒತ್ತಿ. ನಮ್ಮ ಚಂದಾ ಉಚಿತ, ಐದು ಕಿಲೋಮೀಟರ್ ದಾಟಿದರೂ ದರ ಏರುವುದಿಲ್ಲ.)

"ಮಳೆಯೇ ಬಾರದಿದ್ದರೆ ಸರ್ಕಾರ ಏನು ಮಾಡೀತು?" ಎಂದು ಕೇಳುವ ಮಹನೀಯರಿದ್ದಾರೆ. ಮಳೆ ಬಂದಾಗ ಏನು ಮಾಡಿದೆವೆಂದು ಮೊದಲು ಹೇಳಿ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ಬಂದ ಮಳೆಯನ್ನು ರಸ್ತೆಯಲ್ಲಿ ನಿಲ್ಲಿಸಿ, ಬೇಸಿಗೆಯಲ್ಲಿ ಅದೇ ರಸ್ತೆಯಲ್ಲಿ ಟ್ಯಾಂಕರ್ ಓಡಿಸುವ ಜಾಣತನಕ್ಕೆ ಮಳೆರಾಯ ಹೊಣೆಯೇ? ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರಕ್ಕೆ, ಗುಡ್ಡದ ಮೇಲಿನ ಊರಿಗೆ, ನದಿಯನ್ನೇ ಪಂಪಿನಿಂದ ಎತ್ತಿ ತಂದವರಿಗೆ ಕೊನೆಯ ಎರಡು ಬೀದಿ ದಾಟಿಸುವುದು ಕಷ್ಟವಾಯಿತೆಂದರೆ ನಾನು ನಂಬಬೇಕೇ?

"ಟ್ಯಾಂಕರಿನವರ ಹೊಟ್ಟೆಪಾಡು" ಎಂದೂ ಒಬ್ಬರು ವಾದಿಸಿದ್ದಾರೆ. ಸರಿ, ಹಾಗಾದರೆ ದೀಪವನ್ನೂ ಆರಿಸೋಣ, ಮೇಣದಬತ್ತಿಯವರೂ ಬದುಕಲಿ.

ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ, ಕೋಪ ಬರುತ್ತದೆ. ನಲ್ಲಿ! ನೀರು! ಇಷ್ಟೇ. ಆ ವೀಕ್ಷಕ ಮಹಾಶಯರು ತಮ್ಮ ಐಫೋನನ್ನು ಹಿಂಡಿ ಒಂದು ಲೋಟ ನೀರು ತೆಗೆದು ತೋರಿಸಲಿ, ಅಂದೇ ಈ ವಾಹಿನಿಯನ್ನು ಮುಚ್ಚುತ್ತೇನೆ. ಅಲ್ಲಿಯವರೆಗೆ ಪ್ರತಿ ಶನಿವಾರ, ರಾತ್ರಿ ಎಂಟು ಗಂಟೆಗೆ.