ಹೊಸ ಫೋನ್ ತಗೊಳ್ಳೋಕ್ಕೆ ಮುಂಚೆ ಇಷ್ಟು ಮಾಡಿ ನೋಡಿ

ನಮಸ್ಕಾರ, ಎಲ್ರೂ ಹೇಗಿದ್ದೀರಾ?

ಫೋನ್ ನಿಧಾನ ಆಯ್ತು, ಸ್ಟೋರೇಜ್ ಫುಲ್ ಅಂತ ತೋರಿಸ್ತಿದೆ, ಕಂಪ್ಯೂಟರ್ ಆನ್ ಮಾಡಿ ಕಾಫಿ ಕುಡಿದು ಬಂದ್ರೂ ಇನ್ನೂ ಸ್ಕ್ರೀನ್ ಮೇಲಿನ ಆ ಗುಂಡನೆ ಚಕ್ರ ತಿರುಗ್ತಾನೇ ಇರುತ್ತೆ. ಈ ದೂರು ಯಾರ ಮನೇಲಿಲ್ಲ ಹೇಳಿ? ಅದಕ್ಕೆ ಸಿಗೋ ಉತ್ತರವೂ ಒಂದೇ: "ಹಳೇದಾಯ್ತು ಬಿಡಿ, ಹೊಸದು ತಗೊಳ್ಳಿ." ಅಂಗಡಿಯವರು ಹಾಗಂದ್ರೆ ಅದು ಅವರ ವ್ಯಾಪಾರ. ಮನೆ ಮಕ್ಕಳೂ ಹಾಗೇ ಅಂತಾರಲ್ಲ, ಅದು ನನಗೆ ಸರಿ ಕಾಣಲ್ಲ. ಬಹಳ ಸಲ ಕೆಟ್ಟಿರೋದು ಯಂತ್ರ ಅಲ್ಲ. ಒಳಗಡೆ ಹೋಗಿ ಯಾರೂ ನೋಡದೇ ಬಿಟ್ಟಿರೋ ಸೆಟ್ಟಿಂಗ್ಸು.

ಇವತ್ತಿನ ವ್ಲಾಗ್ ತಿಪಟೂರಿಂದ. ಹಿಂದೆ ಕಾಣ್ತಿರೋದು ತೆಂಗಿನ ತೋಟ, ಮೇಲೆ ಅಟ್ಟದ ತುಂಬ ಕೊಬ್ಬರಿ. ಇದು ನಮ್ಮ ಚಿಕ್ಕಪ್ಪನ ಮನೆ. ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರಾಗಿ ರಿಟೈರ್ ಆದವರು. ಅವರ ಹತ್ರ ಒಂದು ಆಂಡ್ರಾಯ್ಡ್ ಫೋನಿದೆ, ಒಂದು ಹಳೇ ಡೆಸ್ಕ್‌ಟಾಪ್ ಇದೆ. ಎರಡನ್ನೂ ಬದಲಾಯಿಸೋ ಮಾತು ನಡೀತಿತ್ತು. "ಒಂದಿನ ಟೈಮ್ ಕೊಡಿ ಚಿಕ್ಕಪ್ಪ, ಆಮೇಲೆ ನೋಡೋಣ" ಅಂತ ಹೇಳಿ ಕೂತಿದ್ದೀನಿ.

ಮೊದ್ಲು ಫೋನು. ಸ್ಟೋರೇಜ್ ಫುಲ್ ಅಂತ ಬಂದ ತಕ್ಷಣ ನಮ್ಮ ಕೈ ಹೋಗೋದು ಗ್ಯಾಲರಿಗೆ. ಮೊಮ್ಮಕ್ಕಳ ಫೋಟೋ ಒಂದೊಂದೇ ಡಿಲೀಟ್ ಮಾಡ್ತಾ ಸಂಕಟ ಪಡ್ತೀವಿ. ಬೇಡ. ವಾಟ್ಸ್ಆ್ಯಪ್ ತೆಗೀರಿ. ಸೆಟ್ಟಿಂಗ್ಸ್, ಅದರೊಳಗೆ ಸ್ಟೋರೇಜ್ ಆ್ಯಂಡ್ ಡೇಟಾ, ಅದರಲ್ಲಿ ಮ್ಯಾನೇಜ್ ಸ್ಟೋರೇಜ್. ಈಗ ಸ್ಕ್ರೀನ್ ಮೇಲೆ ನೋಡಿ. 5 ಎಂಬಿಗಿಂತ ದೊಡ್ಡ ಫೈಲುಗಳು ಒಂದು ಕಡೆ, ತುಂಬ ಸಲ ಫಾರ್ವರ್ಡ್ ಆಗಿರೋದು ಇನ್ನೊಂದು ಕಡೆ. ಅದರ ಕೆಳಗೆ ಯಾವ ಗುಂಪು ಎಷ್ಟು ಜಾಗ ನುಂಗಿದೆ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬಂದಿದೆ.

ಚಿಕ್ಕಪ್ಪನ ಫೋನಲ್ಲಿ ಮೊದಲನೇ ಸ್ಥಾನ ಯಾವುದಕ್ಕೆ ಅಂತೀರಾ? ನಿವೃತ್ತ ಶಿಕ್ಷಕರ ಗುಂಪಿಗೆ! ಶುಭೋದಯದ ಗುಲಾಬಿ, ಅದೇ ಗುಲಾಬಿ ಮೇಲೆ ಮಂಜಿನ ಹನಿ, ಅದೇ ಹನಿಗೆ ಮ್ಯೂಸಿಕ್ ಹಾಕಿರೋ ವಿಡಿಯೋ. ಮಂಡಿ ನೋವಿಗೆ ಮನೆಮದ್ದು ಹೇಳೋ ಒಂದೇ ವಿಡಿಯೋ ಬೇರೆ ಬೇರೆಯವರಿಂದ ಬಂದು ಬೇರೆ ಬೇರೆ ಕಡೆ ಕೂತಿದೆ. ಎಲ್ಲ ಸೆಲೆಕ್ಟ್ ಮಾಡಿ ಅಳಿಸಿ. ಬೇಕಾದ್ದನ್ನ ಮಾತ್ರ ಟಿಕ್ ತೆಗೆದು ಉಳಿಸ್ಕೊಳ್ಳಿ. ನಮ್ಮನೆ ಮದುವೆ ವಿಡಿಯೋನೂ ಇದೇ ರಾಶಿಯಲ್ಲಿ ಇರಬಹುದು, ಆತುರ ಬೇಡ.

ಅಳಿಸಿದ್ರೆ ಸಾಲದು, ನಾಳೆ ಬೆಳಿಗ್ಗೆ ಗುಲಾಬಿ ಮತ್ತೆ ಬರುತ್ತೆ. ಅದೇ ಸ್ಟೋರೇಜ್ ಆ್ಯಂಡ್ ಡೇಟಾ ಒಳಗೆ ಮೀಡಿಯಾ ಆಟೋ ಡೌನ್‌ಲೋಡ್ ಅಂತಿದೆ. ಮೊಬೈಲ್ ಡೇಟಾಗೂ ವೈಫೈಗೂ ಎಲ್ಲ ಟಿಕ್ ತೆಗೆದುಬಿಡಿ. ಇನ್ಮೇಲೆ ನೀವಾಗಿ ಮುಟ್ಟಿದ್ದು ಮಾತ್ರ ಇಳಿಯುತ್ತೆ. ಗುಂಪು ಬಿಟ್ಟು ಬರೋ ಕಷ್ಟ ಇಲ್ಲ, ಯಾರಿಗೂ ಬೇಜಾರೂ ಆಗಲ್ಲ.

ಫೋಟೋ ವಿಷಯಕ್ಕೆ ಬಂದ್ರೆ ಒಂದು ಎಚ್ಚರ ಹೇಳ್ಲೇಬೇಕು. ಗೂಗಲ್ ಫೋಟೋಸಲ್ಲಿ ಬ್ಯಾಕಪ್ ಆಗಿದೆ ಅಂತ ಧೈರ್ಯದಿಂದ ಅದೇ ಆ್ಯಪಲ್ಲಿ ಕಸದ ಬುಟ್ಟಿ ಗುರುತು ಒತ್ತಿದ್ರೆ ಫೋನಿಂದಲೂ ಹೋಗುತ್ತೆ, ಬ್ಯಾಕಪ್ಪಿಂದಲೂ ಹೋಗುತ್ತೆ. ಫೋನಲ್ಲಿ ಮಾತ್ರ ಜಾಗ ಮಾಡ್ಬೇಕು ಅಂದ್ರೆ "ಫ್ರೀ ಅಪ್ ಸ್ಪೇಸ್" ಅನ್ನೋದನ್ನ ಬಳಸಿ. ಬ್ಯಾಕಪ್ ಆಗಿರೋದನ್ನ ಮಾತ್ರ ಅದು ಫೋನಿಂದ ತೆಗೆಯುತ್ತೆ. ಗೊತ್ತಿಲ್ದೆ ಅಳಿಸಿದ್ರೂ ತಕ್ಷಣ ಗಾಬರಿ ಬೇಡ, ಬ್ಯಾಕಪ್ ಆಗಿದ್ದ ಫೋಟೋ 60 ದಿನ ಟ್ರ್ಯಾಷ್‌ನಲ್ಲಿ ಇರುತ್ತೆ. ಗೂಗಲ್ ಪುಕ್ಕಟೆ ಕೊಡೋ ಜಾಗ 15 ಜಿಬಿ. ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಅದನ್ನೇ ಹಂಚ್ಕೊಳ್ಳುತ್ತೆ. ಆಂಡ್ರಾಯ್ಡ್‌ನಲ್ಲಿ ಈಗ ವಾಟ್ಸ್ಆ್ಯಪ್ ಬ್ಯಾಕಪ್ಪೂ ಅದರಲ್ಲೇ. ಹಾಗಾಗಿ ಆ ಗುಲಾಬಿ ಅಲ್ಲೂ ಜಾಗ ತಿಂತಿರುತ್ತೆ.

ಬೂಸ್ಟರ್, ಕ್ಲೀನರ್ ಅಂತೆಲ್ಲ ಬರೋ ಆ್ಯಪ್‌ಗಳು? ತೆಗೆದು ಬಿಸಾಕಿ. ಫೋನ್ ಹಗುರ ಮಾಡ್ತೀನಿ ಅಂತ ಬಂದು ತಾನೇ ಜಾಹೀರಾತು ತೋರಿಸ್ಕೊಂಡು ಕೂತಿರುತ್ತೆ. ಬ್ಯಾಟರಿ ಬಗ್ಗೆ ನಾನು ಹೇಳೋದು ಎರಡೇ ಮಾತು: ಬಿಸಿ ಆಗೋಕೆ ಬಿಡಬೇಡಿ, ಚಾರ್ಜಿಗಿಟ್ಟು ದಿಂಬಿನ ಕೆಳಗೆ ತುರುಕಬೇಡಿ.

ಈಗ ಡೆಸ್ಕ್‌ಟಾಪ್. ಚಿಕ್ಕಪ್ಪ ಶಿಸ್ತಿನ ಮನುಷ್ಯ, ರಾತ್ರಿ ಶಟ್ ಡೌನ್ ಮಾಡ್ದೆ ಮಲಗಲ್ಲ. ಆದ್ರೂ ಕಂಪ್ಯೂಟರ್ ದಿನದಿಂದ ದಿನಕ್ಕೆ ಮಂಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿದ್ರೆ ಕೆಳಗಡೆ "ಅಪ್ ಟೈಮ್" ಅಂತ ಒಂದು ಲೆಕ್ಕ ಕಾಣುತ್ತೆ. ಎಷ್ಟು ಹೊತ್ತಿಂದ ಎಚ್ಚರ ಇದೆ ಅಂತ. ದಿನಾ ರಾತ್ರಿ ಆಫ್ ಆಗೋ ಈ ಕಂಪ್ಯೂಟರಿನ ಲೆಕ್ಕ ವಾರಗಳನ್ನ ದಾಟಿದೆ! ಚಿಕ್ಕಪ್ಪ ಕನ್ನಡಕ ಒರೆಸ್ಕೊಂಡು ಎರಡೆರಡು ಸಲ ನೋಡಿದ್ರು. "ನಾನು ದಿನಾ ಆರಿಸ್ತೀನಲ್ಲಮ್ಮ?"

ಆಗೋದಿಷ್ಟೇ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಶಟ್ ಡೌನ್ ಅಂದಾಗ ಅದು ಎಲ್ಲವನ್ನೂ ಒರೆಸಿ ಹಾಕಲ್ಲ, ವಿಂಡೋಸಿನ ಒಳಭಾಗದ ಸ್ಥಿತಿಯನ್ನ ಡಿಸ್ಕಲ್ಲಿ ಬರೆದಿಟ್ಟು ಮಲಗುತ್ತೆ, ಬೆಳಿಗ್ಗೆ ಅದನ್ನೇ ಎತ್ಕೊಂಡು ಬೇಗ ಏಳೋಕೆ. ನಿಜವಾಗಿ ಹೊಸದಾಗಿ ಶುರು ಆಗೋದು ರೀಸ್ಟಾರ್ಟ್ ಮಾಡಿದಾಗ. ಪ್ರಿಂಟರ್ ಮಾತು ಕೇಳ್ತಿಲ್ಲ, ವೈಫೈ ಸಿಗ್ತಿಲ್ಲ, ಏನೋ ವಿಚಿತ್ರ ಆಡ್ತಿದೆ ಅಂದ್ರೆ ಆರಿಸಿ ಹಚ್ಚಬೇಡಿ, ರೀಸ್ಟಾರ್ಟ್ ಕೊಡಿ.

ಅದೇ ಟಾಸ್ಕ್ ಮ್ಯಾನೇಜರಲ್ಲಿ ಸ್ಟಾರ್ಟಪ್ ಆ್ಯಪ್ಸ್ ಇರುತ್ತೆ. ಆನ್ ಮಾಡಿದ ಕೂಡ್ಲೇ ಯಾರ್ಯಾರು ಎದ್ದು ಕೂರ್ತಾರೆ ಅನ್ನೋ ಪಟ್ಟಿ ಅದು. ಎಂದೋ ಮಾರಿದ ಪ್ರಿಂಟರಿನ ಸಾಫ್ಟ್‌ವೇರ್ ಇನ್ನೂ ಇಲ್ಲಿ ಹಾಜರಿ ಹಾಕ್ತಿದೆ. ಬೇಡದ್ದನ್ನ ಡಿಸೇಬಲ್ ಮಾಡಿ. ಆ್ಯಂಟಿವೈರಸ್ ಮುಟ್ಟಬೇಡಿ.

ಇಷ್ಟರಲ್ಲಿ ನಿಧಾನ ಪೂರ್ತಿ ಹೋಗಲ್ಲ. ಇದರೊಳಗಿರೋದು ತಿರುಗೋ ಹಾರ್ಡ್ ಡಿಸ್ಕು, ಅದನ್ನ ತೆಗೆದು, ತಿರುಗೋ ಭಾಗ ಇಲ್ಲದ ವೇಗದ ಡಿಸ್ಕು ಅಂದ್ರೆ ಎಸ್‌ಎಸ್‌ಡಿ ಹಾಕಿಸಿದ್ರೆ ಹೊಸ ಕಂಪ್ಯೂಟರಿನ ಖರ್ಚಿನಲ್ಲಿ ಒಂದು ಚಿಕ್ಕ ಪಾಲಲ್ಲಿ ಕೆಲಸ ಮುಗಿಯುತ್ತೆ. ಇನ್ನೊಂದು ಪ್ರಶ್ನೆ ವಿಂಡೋಸ್ 10ರದು. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕೋಕೆ ಟಿಪಿಎಂ 2.0 ಅನ್ನೋ ಚಿಪ್ ವ್ಯವಸ್ಥೆ ಬೇಕು, ಬಹಳಷ್ಟು ಹಳೇ ಯಂತ್ರಗಳಲ್ಲಿ ಅದು ಇರಲ್ಲ. ಬರೆಯೋದು, ಓದೋದು, ಯೂಟ್ಯೂಬ್ ನೋಡೋದು ಇಷ್ಟೇ ಕೆಲಸ ಅಂದ್ರೆ ವಿಂಡೋಸ್ ಬದಲಿಗೆ ಹಾಕೋ ಲಿನಕ್ಸ್ ಮಿಂಟ್ ಸಾಕು ಅನ್ನೋದು ನನ್ನ ಅಭಿಪ್ರಾಯ. ಪುಕ್ಕಟೆ, ಹಳೇ ಯಂತ್ರದಲ್ಲೂ ಓಡುತ್ತೆ, ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ರೂಢಿ ಇರೋರಿಗೆ ಅದೇ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಅಲ್ಲೂ ಸಿಗುತ್ತೆ.

ನುಡಿ ಅಂದ್ನಲ್ಲ, ನಾನು ಇಲ್ಲಿಗೆ ಬಂದಿದ್ದ ಅಸಲಿ ಕಾರಣ ಅದು. ಈ ಡೆಸ್ಕ್‌ಟಾಪಲ್ಲಿ ಚಿಕ್ಕಪ್ಪ ವರ್ಷಾನುಗಟ್ಟಲೆ ಕೂತು ಟೈಪ್ ಮಾಡಿರೋ ಸೋಬಾನೆ ಪದಗಳಿವೆ. ಸುತ್ತಮುತ್ತಲ ಹಳ್ಳಿಯ ಹೆಂಗಸರು ಹಾಡಿದ್ದನ್ನ ಕೇಳಿ ಬರ್ಕೊಂಡಿದ್ದು. ಅದನ್ನ ಫೋನಿಗೆ ಕಳಿಸ್ಕೊಂಡು ತೆಗೆದ್ರೆ ಏನು ಕಾಣುತ್ತೆ ನೋಡಿ. "ಕನ್ನಡ" ಅಂತ ಇರಬೇಕಾದ ಜಾಗದಲ್ಲಿ ಇಂಗ್ಲಿಷ್ ಪಿ, ಆಮೇಲೆ ತಲೆ ಮೇಲೆ ಗೀಟಿರೋ ಎ, ಅದರ ಪಕ್ಕ ಬ್ರಿಟಿಷ್ ಪೌಂಡಿನ ಗುರುತು. ಫೈಲ್ ಕೆಟ್ಟುಹೋಗಿದೆ ಅಂತ ಅವರು ಅಂದ್ಕೊಂಡಿದ್ರು.

ಕೆಟ್ಟಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೇ ಆವೃತ್ತಿಗಳಲ್ಲಿ, ಬರಹ ಅನ್ನೋ ಇನ್ನೊಂದು ಸಾಫ್ಟ್‌ವೇರಿನ ಹಳೇ ಫಾಂಟುಗಳಲ್ಲಿ, ಫೈಲಿನೊಳಗೆ ಕೂತಿದ್ದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿ ರಂಗಕ್ಕೆ ಕಳಿಸ್ತಿತ್ತು. ಆ ಫಾಂಟ್ ಇಲ್ಲದ ಫೋನಿಗೆ ಬಂದಾಗ ವೇಷ ಕಳಚುತ್ತೆ, ಅಷ್ಟೇ. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ. ಯಾವ ಫೋನಲ್ಲಿ ತೆಗೆದ್ರೂ ಕನ್ನಡ ಕನ್ನಡವಾಗೇ ಕಾಣುತ್ತೆ, ಗೂಗಲಲ್ಲಿ ಹುಡುಕಿದ್ರೆ ಸಿಗುತ್ತೆ.

ಹಾಗಾಗಿ ಮಾಡ್ಬೇಕಾದ್ದು ಪರಿವರ್ತನೆ. ಮೊದ್ಲು ಇಡೀ ಫೋಲ್ಡರನ್ನ ಪೆನ್‌ಡ್ರೈವಿಗೆ ಕಾಪಿ ಮಾಡಿ ಎತ್ತಿಡಿ, ಮೂಲ ಫೈಲಿನ ಮೇಲೆ ಕೈ ಹಾಕಬೇಡಿ. ಫೈಲ್ ತೆಗೆದು ಫಾಂಟಿನ ಹೆಸರು ನೋಡಿ. ನುಡಿ ಅಂತಲೋ, ಬಿಆರ್‌ಎಚ್ ಅಂತಲೋ ಶುರುವಾದ್ರೆ ನುಡಿ-ಬರಹದ ಆ ಹಳೇ ಪದ್ಧತಿಯಿಂದ (ಆಸ್ಕಿ ಅಂತಾರೆ) ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕ ಬೇಕು, ಆನ್‌ಲೈನಲ್ಲಿ ಪುಕ್ಕಟೆ ಸಿಗುತ್ತೆ. ಫಾಂಟ್ ಶ್ರೀಲಿಪಿ ಅನ್ನೋ ಬೇರೆ ಸಾಫ್ಟ್‌ವೇರಿನದ್ದಾದ್ರೆ ಅದೇ ಪರಿವರ್ತಕ ನಡೆಯಲ್ಲ, ಬೇರೆ ಬೇಕು. ಪಠ್ಯ ಕಾಪಿ ಮಾಡಿ, ಪರಿವರ್ತಿಸಿ, ಹೊಸ ಫೈಲಲ್ಲಿ ಅಂಟಿಸಿ.

ಆದ್ಮೇಲೆ ಓದಿ ನೋಡದೆ ಬಿಡಬೇಡಿ. ಅರ್ಕಾವತ್ತು ಇರೋ ಕಡೆ, ಎರಡೆರಡು ಒತ್ತಕ್ಷರ ಇರೋ ಕಡೆ ಎಡವಟ್ಟಾಗಿರಬಹುದು. ಮೂಲದಲ್ಲಿ ಮಧ್ಯೆ ಮಧ್ಯೆ ಇಂಗ್ಲಿಷ್ ಪದ ಇದ್ರೆ ಪರಿವರ್ತಕ ಅದನ್ನೂ ಕನ್ನಡ ಅಂತಲೇ ತಿಳ್ಕೊಂಡು ಏನೇನೋ ಮಾಡಿಡುತ್ತೆ. ನಾವು ಒಂದು ಸೋಬಾನೆ ಪದ ಪರಿವರ್ತಿಸಿ ಫೋನಿಗೆ ಹಾಕಿದ್ವಿ. ಚಿಕ್ಕಪ್ಪ ಅಕ್ಷರ ದೊಡ್ಡದು ಮಾಡ್ಕೊಂಡು ಮೊದಲ ಸಾಲು ಓದಿದ್ರು, ಎರಡನೇ ಸಾಲಿಗೆ ರಾಗ ಬಂತು. ಕ್ಯಾಮೆರಾ ಆಫ್ ಮಾಡು ಅಂದ್ರು, ಹಾಗಾಗಿ ಅದು ನಿಮಗಿಲ್ಲ.

ಇನ್ನೂ ಟೈಪ್ ಆಗದೆ ನೋಟ್‌ಬುಕ್ಕಲ್ಲೇ ಉಳಿದಿರೋ ಪದಗಳಿಗೆ ಫೋನೇ ಸಾಕು. ಜಿಬೋರ್ಡ್ ಅನ್ನೋ ಗೂಗಲ್ ಕೀಬೋರ್ಡಲ್ಲಿ ಕನ್ನಡ ಸೇರಿಸಿ, ಮೈಕ್ ಗುರುತು ಒತ್ತಿ, ಓದ್ತಾ ಹೋಗಿ. ಗ್ರಾಂಥಿಕ ಕನ್ನಡ ಚೆನ್ನಾಗಿ ಹಿಡಿಯುತ್ತೆ, ಆಡುಮಾತಿಗೆ ಬಂದ್ರೆ ತಡವರಿಸುತ್ತೆ, ತಿದ್ದೋ ಕೆಲಸ ಇದ್ದೇ ಇರುತ್ತೆ. ಅಚ್ಚಾಗಿರೋ ಪುಟ ಆದ್ರೆ ಗೂಗಲ್ ಲೆನ್ಸ್ ಹಿಡಿದು ಅಕ್ಷರ ಕಾಪಿ ಮಾಡಬಹುದು. ಕಂಪ್ಯೂಟರಲ್ಲಿ ಟೈಪ್ ಮಾಡೋರಿಗೆ ನನ್ನ ಅಚ್ಚುಮೆಚ್ಚು ವಿಂಡೋಸ್ ಕೀ ಜೊತೆ ವಿ. ಇತ್ತೀಚೆಗೆ ಕಾಪಿ ಮಾಡಿದ್ದು ಸಾಲಾಗಿ ಬರುತ್ತೆ, ಬೇಕಾದ್ದು ಆರಿಸಿ ಅಂಟಿಸಬಹುದು. ಮೊದಲ ಸಲ ಆನ್ ಮಾಡಿ ಅಂತ ಕೇಳುತ್ತೆ, ಮಾಡ್ಕೊಳ್ಳಿ.

ಈಗ ಸ್ವಲ್ಪ ಗಂಭೀರ ವಿಷಯ. ವಾಟ್ಸ್ಆ್ಯಪಲ್ಲಿ ಮದುವೆ ಆಮಂತ್ರಣ ಅಂತಲೋ, ಟ್ರಾಫಿಕ್ ದಂಡದ ಚಲನ್ ಅಂತಲೋ ಒಂದು ಫೈಲ್ ಬರುತ್ತೆ. ಹೆಸರಿನ ಕೊನೇಲಿ ಚುಕ್ಕಿ ಎಪಿಕೆ ಅಂತಿದ್ರೆ ಅದು ಆಮಂತ್ರಣವೂ ಅಲ್ಲ, ಚಲನ್ನೂ ಅಲ್ಲ. ಅದು ಆ್ಯಪು. ಇನ್‌ಸ್ಟಾಲ್ ಆದ್ರೆ ನಿಮ್ಮ ಎಸ್‌ಎಂಎಸ್ ಓದುತ್ತೆ, ಒಟಿಪಿ ವಂಚಕರ ಕಡೆಗೆ ಹೋಗುತ್ತೆ. ಪರಿಚಯದವರ ನಂಬರಿಂದಲೇ ಬಂದಿರಬಹುದು, ಅವರ ಫೋನ್ ಆಗಲೇ ಸಿಕ್ಕಿಬಿದ್ದಿರುತ್ತೆ. ಫೋನಿನ ಸೆಟ್ಟಿಂಗ್ಸಲ್ಲಿ "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್" ಅಂತ ಹುಡುಕಿ, ವಾಟ್ಸ್ಆ್ಯಪ್ ಎದುರು ಆಫ್ ಇದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ. ಅಪ್ಪ ಅಮ್ಮನ ಫೋನಲ್ಲಿ ಇದನ್ನ ನೀವೇ ನೋಡಿ. ದುಡ್ಡು ಹೋದ್ರೆ ನಾಳೆ ಬ್ಯಾಂಕಿಗೆ ಹೋಗೋಣ ಅಂತ ಕೂರಬೇಡಿ, ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಖಾತೆಯಿಂದ ಖಾತೆಗೆ ದಾಟೋಕ್ಕೆ ಮುಂಚೆ ತಡೆಯೋ ಅವಕಾಶ ಇರೋದು ಆಗಲೇ.

ಕೊನೇದಾಗಿ ಜೆರಾಕ್ಸ್ ಅಂಗಡಿ. "ಈ ನಂಬರಿಗೆ ಆಧಾರ್ ವಾಟ್ಸ್ಆ್ಯಪ್ ಮಾಡಿ" ಅಂತಾರೆ, ನಾವು ಕಳಿಸ್ತೀವಿ, ಪ್ರಿಂಟ್ ತಗೊಂಡು ಬರ್ತೀವಿ. ಫೈಲ್ ಮಾತ್ರ ಅಲ್ಲೇ ಕೂತಿರುತ್ತೆ. ಆಧಾರ್ ವೆಬ್‌ಸೈಟಲ್ಲಿ ಇ-ಆಧಾರ್ ಇಳಿಸುವಾಗ ಮಾಸ್ಕ್ಡ್ ಆಧಾರ್ ಬೇಕಾ ಅಂತ ಒಂದು ಟಿಕ್ ಇರುತ್ತೆ. ಅದನ್ನ ಒತ್ತಿದ್ರೆ ಕೊನೇ 4 ಅಂಕಿ ಮಾತ್ರ ಕಾಣೋ ಪ್ರತಿ ಸಿಗುತ್ತೆ, ಎಷ್ಟೋ ಕಡೆ ಅಷ್ಟು ಸಾಕು. ಆ ಪಿಡಿಎಫ್ ತೆಗೆಯೋಕೆ ಪಾಸ್‌ವರ್ಡ್ ಕೇಳಿದಾಗ ತಲೆ ಕೆಡಿಸ್ಕೊಳ್ಳೋರು ಬಹಳ ಜನ. ಆಧಾರಲ್ಲಿರೋ ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ ದೊಡ್ಡದಾಗಿ, ಆಮೇಲೆ ಹುಟ್ಟಿದ ವರ್ಷ. ಸುರೇಶ, 1990 ಅಂದ್ರೆ ಎಸ್ ಯು ಆರ್ ಇ 1990.

ಇನ್ನು ನಿಮ್ಮ ವಾಟ್ಸ್ಆ್ಯಪನ್ನೇ ಅಂಗಡಿ ಕಂಪ್ಯೂಟರಲ್ಲಿ ತೆಗೆದಿದ್ರೆ, ಅಲ್ಲಿಂದ ಎದ್ದು ಬರೋಕ್ಕೆ ಮುಂಚೆ ಫೋನಲ್ಲಿ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಲಾಗ್ ಔಟ್ ಮಾಡಿ. ಡೌನ್‌ಲೋಡ್ಸ್ ಫೋಲ್ಡರಲ್ಲಿರೋ ನಿಮ್ಮ ಫೈಲನ್ನ ಶಿಫ್ಟ್ ಹಿಡಿದು ಡಿಲೀಟ್ ಒತ್ತಿ, ಆಗ ರೀಸೈಕಲ್ ಬಿನ್ನಿಗೂ ಹೋಗಲ್ಲ. ಅಂಗಡಿಯವರು ಬೇಜಾರು ಮಾಡ್ಕೊಳ್ಳಲ್ಲ. ಮಾಡ್ಕೊಂಡ್ರೆ ಮುಂದಿನ ಸಲ ಬೇರೆ ಅಂಗಡಿಗೆ ಹೋಗಿ.