ಕ್ಯಾಮೆರಾ ಆನ್ ಮಾಡುವ ಮೊದಲು ಒಂದು ಮಗುವನ್ನು ಕರೆಯಿರಿ

ನಮಸ್ಕಾರ. ಇವತ್ತು ಪಾಠದ ವಿಡಿಯೋ ಮಾಡುವವರ ಜೊತೆ ಮಾತಾಡಬೇಕು ಅಂತ ಕೂತಿದ್ದೇನೆ. ಶಾಲೆಯ ಪಾಠ ಇರಬಹುದು, ಕಂಪನಿಯ ಟ್ರೈನಿಂಗ್ ಇರಬಹುದು, ರೈತರಿಗೆ ಬೆಳೆಯ ಮಾಹಿತಿ ಇರಬಹುದು. ನಾನು ಹೇಳುವುದು ಇಷ್ಟೇ. ಒಂದು ವಿಡಿಯೋ ಕಲಿಸುತ್ತದೋ ಇಲ್ಲವೋ ಅನ್ನುವುದು ಶೂಟಿಂಗ್‌ಗಿಂತ ಬಹಳ ಮೊದಲೇ ತೀರ್ಮಾನ ಆಗಿರುತ್ತದೆ. ಸ್ಕ್ರಿಪ್ಟ್ ಇನ್ನೂ ಕಾಗದದಲ್ಲಿದ್ದಾಗ, ಚಿತ್ರಗಳು ಇನ್ನೂ ಪೆನ್ಸಿಲ್ ಗೆರೆಯಲ್ಲಿದ್ದಾಗ, ವಿಷಯ ಗೊತ್ತಿಲ್ಲದ ಒಬ್ಬರ ಮುಂದೆ ಅದನ್ನು ಇಟ್ಟಿರಾ? ಇಡಲಿಲ್ಲ ಅಂದರೆ, ಮುಂದೆ ಸುರಿಯುವ ದುಡ್ಡೆಲ್ಲ ಊಹೆಯ ಮೇಲೆ ಸುರಿದ ದುಡ್ಡು.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ 1969ರದು. ಅಮೆರಿಕದಲ್ಲಿ ಸೆಸಮಿ ಸ್ಟ್ರೀಟ್ ಅನ್ನುವ ಮಕ್ಕಳ ಟಿವಿ ಕಾರ್ಯಕ್ರಮ ತಯಾರಾಗುತ್ತಿತ್ತು. ಇನ್ನೂ ಶಾಲೆಗೆ ಸೇರದ ಮಕ್ಕಳಿಗೆ, ಅದರಲ್ಲೂ ಬಡವರ ಮನೆಯ ಮಕ್ಕಳಿಗೆ, ಅಕ್ಷರ ಮತ್ತು ಅಂಕಿ ಕಲಿಸಬೇಕು ಅನ್ನುವುದು ಅವರ ಗುರಿ. ಪ್ರಸಾರಕ್ಕೆ ಮೊದಲು ಅವರು ಒಂದೊಂದು ಗಂಟೆಯ ಐದು ಸಂಚಿಕೆಗಳನ್ನು ಬರೀ ಪರೀಕ್ಷೆಗೆ ಅಂತಲೇ ಮಾಡಿದರು. ಜುಲೈ ತಿಂಗಳಲ್ಲಿ ಅವನ್ನು ಫಿಲಡೆಲ್ಫಿಯಾದ ಮಕ್ಕಳಿಗೆ ತೋರಿಸಿದರು.

ಸಂಶೋಧನೆ ನೋಡಿಕೊಳ್ಳುತ್ತಿದ್ದವರು ಎಡ್ವರ್ಡ್ ಪಾಮರ್. ಅವರು ಮಕ್ಕಳ ಗಮನವನ್ನು ಅಳೆದ ಬಗೆ ಬಹಳ ಸರಳ. ಟಿವಿಯ ಪಕ್ಕದಲ್ಲೇ ಒಂದು ಸ್ಲೈಡ್ ಪ್ರೊಜೆಕ್ಟರ್ ಇಟ್ಟರು. ಅದರಲ್ಲಿ ಏಳೂವರೆ ಸೆಕೆಂಡಿಗೊಂದು ಹೊಸ ಚಿತ್ರ ಬರುತ್ತದೆ. ಟಿವಿಯಲ್ಲಿ ಬರುತ್ತಿರುವುದು ಹಿಡಿಸದಿದ್ದರೆ ಮಗು ಆ ಕಡೆ ತಿರುಗುತ್ತದೆ. ಯಾವ ದೃಶ್ಯಕ್ಕೆ ಕಣ್ಣು ಅಲ್ಲೇ ಇತ್ತು, ಯಾವ ದೃಶ್ಯಕ್ಕೆ ಆಚೆ ಹೋಯಿತು ಅಂತ ಪಕ್ಕದಲ್ಲಿ ಕೂತವರು ಬರೆದುಕೊಳ್ಳುತ್ತಾ ಹೋಗುವುದು. ಅಷ್ಟೇ.

ಏನು ಸಿಕ್ಕಿತು ಗೊತ್ತಾ? ಗೊಂಬೆಗಳು ಬಂದಾಗ ಮಕ್ಕಳು ಅಲುಗಾಡದೆ ನೋಡಿದರು. ಬೀದಿಯಲ್ಲಿ ಬರೀ ದೊಡ್ಡವರು ನಿಂತು ಮಾತಾಡುವ ದೃಶ್ಯ ಬಂದ ಕೂಡಲೇ ಕಣ್ಣು ಆಚೆ ಹೋಯಿತು. ಆ ಬೀದಿಯೇ ಇಡೀ ಕಾರ್ಯಕ್ರಮದ ಆಧಾರ. ಅಲ್ಲಿ ಗೊಂಬೆಗಳು ಯಾಕಿರಲಿಲ್ಲ? ಗೊಂಬೆಯನ್ನೂ ನಿಜವಾದ ಮನುಷ್ಯರನ್ನೂ ಒಟ್ಟಿಗೆ ತೋರಿಸಿದರೆ ಮಕ್ಕಳಿಗೆ ಗೊಂದಲ ಆಗುತ್ತದೆ ಅಂತ ಮನಶ್ಶಾಸ್ತ್ರಜ್ಞರು ಮೊದಲೇ ಸಲಹೆ ಕೊಟ್ಟಿದ್ದರು. ಪರೀಕ್ಷೆಯ ಫಲಿತಾಂಶ ನೋಡಿದ ಮೇಲೆ ತಂಡ ಆ ಸಲಹೆಯನ್ನು ಕೈಬಿಟ್ಟಿತು. ಬೀದಿಯ ದೃಶ್ಯಗಳನ್ನು ಬದಲಾಯಿಸಿ ಬಿಗ್ ಬರ್ಡ್ ಅನ್ನುವ ದೊಡ್ಡ ಹಳದಿ ಹಕ್ಕಿ, ಆಸ್ಕರ್ ಅನ್ನುವ ಇನ್ನೊಂದು ಗೊಂಬೆ ಪಾತ್ರ, ಎರಡನ್ನೂ ಅಲ್ಲಿಗೇ ತಂದರು. ನವೆಂಬರ್ 10ಕ್ಕೆ ಕಾರ್ಯಕ್ರಮ ಶುರುವಾಯಿತು. ಇವತ್ತು ಸೆಸಮಿ ಸ್ಟ್ರೀಟ್ ಅಂದರೆ ಜನ ಮೊದಲು ನೆನೆಸಿಕೊಳ್ಳುವುದೇ ಆ ಹಕ್ಕಿಯನ್ನು. ಯಾವ ಮೀಟಿಂಗಿನಲ್ಲೂ ಹೊಳೆಯದೆ ಇದ್ದದ್ದನ್ನು ಪುಟ್ಟ ಮಕ್ಕಳು ಬಾಯಿ ಬಿಡದೆ ಹೇಳಿಕೊಟ್ಟರು.

ಈಗ ನಮ್ಮಲ್ಲಿ ಸಾಮಾನ್ಯವಾಗಿ ಏನು ನಡೆಯುತ್ತದೆ ಅಂತ ನೋಡೋಣ. ಸ್ಕ್ರಿಪ್ಟ್ ಬರೆಯುತ್ತಾರೆ. ವಿಷಯ ತಜ್ಞರು ನೋಡುತ್ತಾರೆ, ಮ್ಯಾನೇಜರ್ ನೋಡುತ್ತಾರೆ, ಕ್ಲೈಂಟ್ ನೋಡುತ್ತಾರೆ. ಎಲ್ಲರಿಗೂ ವಿಷಯ ಮೊದಲೇ ಗೊತ್ತು. ಬರೆದದ್ದು ಸರಿ ಇದೆಯಾ ಅಂತ ಅವರು ಖಂಡಿತ ಹೇಳಬಲ್ಲರು. ಕೇಳಿದರೆ ತಿಳಿಯುತ್ತದಾ ಅಂತ ಹೇಳಲು ಅವರಿಂದ ಆಗುವುದಿಲ್ಲ, ಯಾಕೆಂದರೆ ತಿಳಿಯದ ಸ್ಥಿತಿ ಅವರಿಗೆ ಎಂದೋ ಮರೆತುಹೋಗಿದೆ.

ಹಾಗಾಗಿ ಇಂಥ ಸಾಲುಗಳು ನೇರವಾಗಿ ಮೈಕಿನ ಮುಂದೆ ಬರುತ್ತವೆ: "ದ್ಯುತಿಸಂಶ್ಲೇಷಣೆಯು ಹಸಿರು ಸಸ್ಯಗಳು ಸೂರ್ಯನ ಬೆಳಕಿನ ಸಹಾಯದಿಂದ ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನು ಬಳಸಿಕೊಂಡು ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುವ ಕ್ರಿಯೆಯಾಗಿದೆ." ವ್ಯಾಕರಣದಲ್ಲಿ ತಪ್ಪಿಲ್ಲ. ಪುಸ್ತಕದಲ್ಲಿ ಓದುವಾಗ ಕಣ್ಣು ಹಿಂದಕ್ಕೆ ಹೋಗಿ ಬರಬಹುದು. ಕಿವಿಗೆ ಆ ಅನುಕೂಲ ಇಲ್ಲ. ಗೊತ್ತಿಲ್ಲದ ಹೆಸರು ಮೊದಲೇ ಬಂತು, ಆಮೇಲೆ ಬಂದದ್ದನ್ನೆಲ್ಲ ಕೊನೆಯ ಪದ ಬರುವವರೆಗೆ ತಲೆಯಲ್ಲಿ ಹಿಡಿದುಕೊಂಡೇ ಇರಬೇಕು. ಅದನ್ನೇ ಹೀಗೆ ಹೇಳಿ ನೋಡಿ: "ಗಿಡ ತನ್ನ ಆಹಾರವನ್ನು ತಾನೇ ಮಾಡಿಕೊಳ್ಳುತ್ತದೆ. ಅದಕ್ಕೆ ಮೂರು ಬೇಕು. ನೀರು. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್. ಸೂರ್ಯನ ಬೆಳಕು. ಈ ಕೆಲಸದ ಹೆಸರು ದ್ಯುತಿಸಂಶ್ಲೇಷಣೆ." ಈಗ ಒಂದೊಂದು ಮಾತಿಗೂ ಒಂದೊಂದು ಚಿತ್ರ ಬರೆಯಬಹುದು. ಚಿತ್ರ ಬರೆಯಲು ಜಾಗ ಕೊಡದ ಸ್ಕ್ರಿಪ್ಟ್ ವಿಡಿಯೋಗೆ ಇನ್ನೂ ಸಿದ್ಧವಾಗಿಲ್ಲ ಅಂತಲೇ ನನ್ನ ಲೆಕ್ಕ.

ಇದನ್ನು ಶಿಸ್ತಾಗಿ ಮಾಡಿದವರು ನಮ್ಮ ದೇಶದಲ್ಲೇ ಇದ್ದಾರೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯನ್ನು ನೋಡಿ. ಲಿಬ್ರೆ ಆಫೀಸ್, ಪೈಥಾನ್ ಥರದ ಸಾಫ್ಟ್‌ವೇರ್‌ಗಳನ್ನು ಸುಮಾರು ಹತ್ತು ನಿಮಿಷದ ವಿಡಿಯೋಗಳಲ್ಲಿ ಕಲಿಸುತ್ತಾರೆ. ಅವರ ಸ್ಕ್ರಿಪ್ಟಿಗೆ ಎರಡು ಕಾಲಂ. ಒಂದರಲ್ಲಿ ತೆರೆಯ ಮೇಲೆ ಕಾಣುವುದು, ಇನ್ನೊಂದರಲ್ಲಿ ಕಿವಿಗೆ ಕೇಳುವುದು. ರೆಕಾರ್ಡಿಂಗ್‌ಗೆ ಮೊದಲು ಒಂದು ಹಂತ ಇದೆ, ಅದಕ್ಕೆ ನೋವಿಸ್ ಚೆಕ್ ಅನ್ನುತ್ತಾರೆ. ಆ ಸಾಫ್ಟ್‌ವೇರ್ ಗೊತ್ತಿಲ್ಲದ ಹೊಸಬರು ಸ್ಕ್ರಿಪ್ಟ್ ಹಿಡಿದುಕೊಂಡು ತಾವೇ ಮಾಡಿ ನೋಡಬೇಕು. ಅವರು ಎಡವಿದ ಕಡೆ ಸ್ಕ್ರಿಪ್ಟ್ ತಿದ್ದಬೇಕು. ಕನ್ನಡವೂ ಸೇರಿ ನಮ್ಮ ಹಲವು ಭಾಷೆಗಳಿಗೆ ಇವು ಡಬ್ ಆಗಿವೆ. ಮೂಲ ಸ್ಕ್ರಿಪ್ಟ್ ಒಮ್ಮೆ ಗಟ್ಟಿಯಾದರೆ ಅದರ ಫಲ ಇಷ್ಟೊಂದು ಭಾಷೆಗಳಿಗೆ ಸಿಗುತ್ತದೆ.

ಡಬ್ಬಿಂಗ್ ಅಂದಕೂಡಲೇ ಗ್ರಾಫಿಕ್ಸ್ ವಿಷಯ ಒಂದು ಹೇಳಲೇಬೇಕು, ಇದನ್ನು ಯಾರೂ ಗಮನಿಸುವುದೇ ಇಲ್ಲ. "The plant absorbs water through its roots" ಅನ್ನುವ ಇಂಗ್ಲಿಷ್ ವಾಕ್ಯದಲ್ಲಿ ಗಿಡ, ಆಮೇಲೆ ನೀರು, ಕೊನೆಗೆ ಬೇರು ಬರುತ್ತದೆ. ಕನ್ನಡದಲ್ಲಿ "ಗಿಡ ಬೇರಿನ ಮೂಲಕ ನೀರು ಹೀರಿಕೊಳ್ಳುತ್ತದೆ." ಅನಿಮೇಷನ್ ಇಂಗ್ಲಿಷಿನ ಲೆಕ್ಕಕ್ಕೆ ಮಾಡಿದ್ದರೆ, ದನಿ ಬೇರು ಅನ್ನುವಾಗ ತೆರೆಯಲ್ಲಿ ನೀರು ಹೊಳೆಯುತ್ತದೆ. ದನಿ ನೀರು ಅನ್ನುವಾಗ ಬೇರು. ಗೊತ್ತಿರುವವರು ಸರಿಪಡಿಸಿಕೊಂಡು ನೋಡುತ್ತಾರೆ. ಮೊದಲ ಸಲ ನೋಡುವ ಮಗು ಯಾವುದನ್ನು ನಂಬಬೇಕು? ಬಾಣ, ಬಣ್ಣ, ಹೊಳಪು ಎಲ್ಲದರ ಸಮಯವನ್ನು ಕನ್ನಡ ವಾಕ್ಯಕ್ಕೆ ಮತ್ತೆ ಹೊಂದಿಸಬೇಕು. ಇದು ಸಣ್ಣ ಕೆಲಸ ಅಲ್ಲ, ಆದರೆ ಬಿಡುವ ಹಾಗೂ ಇಲ್ಲ.

ಇನ್ನು ದನಿ ಹೇಳುವ ಮಾತನ್ನೇ ಪೂರ್ತಿ ತೆರೆಯ ಮೇಲೆ ಬರೆಯುವ ಅಭ್ಯಾಸ. ಚಿತ್ರ, ದನಿ, ಅದೇ ದನಿಯ ಅಕ್ಷರ ಮೂರೂ ಒಟ್ಟಿಗೆ ಬಂದರೆ ಕಲಿಕೆ ಕುಗ್ಗುತ್ತದೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ತೋರಿಸಿವೆ. ಕಣ್ಣು ಓದಬೇಕೋ ನೋಡಬೇಕೋ? ಹೊಸ ಪದ ಮಾತ್ರ ಬರೆಯಿರಿ. ಕಿವಿ ಕೇಳದವರಿಗೆ ಬೇಕಾದ ಕ್ಯಾಪ್ಷನ್ ಬೇರೆ ವಿಷಯ, ಅದು ಇರಲೇಬೇಕು.

ಹೀಗೆ ಮೊದಲೇ ತೋರಿಸಿ ನೋಡಲು ಮಾಡುವ ಒರಟು ಮಾದರಿಗೆ ಪ್ರೋಟೋಟೈಪ್ ಅನ್ನುತ್ತಾರೆ, ಹೆಸರು ಕೇಳಿ ಹೆದರಬೇಡಿ. ಹಾಳೆಯ ಮೇಲೆ ಬರೆದ ಚಿತ್ರಗಳ ಫೋಟೋ, ನಿಮ್ಮದೇ ದನಿ, ಒಂದು ಫೋನ್, ಎರಡು ಮೂರು ನಿಮಿಷ. ಒರಟಾಗಿದ್ದಷ್ಟೂ ಒಳ್ಳೆಯದು. ನುಣುಪಾದ ವಿಡಿಯೋ ತೋರಿಸಿದರೆ ಜನ ಮರ್ಯಾದೆಗೆ "ಚೆನ್ನಾಗಿದೆ" ಅನ್ನುತ್ತಾರೆ. ಪೆನ್ಸಿಲ್ ಚಿತ್ರ ತೋರಿಸಿದರೆ "ಇದೇನು ಸಾರ್, ಅರ್ಥ ಆಗ್ಲಿಲ್ಲ" ಅನ್ನುವ ಧೈರ್ಯ ಬರುತ್ತದೆ. ಮತ್ತೆ, ದಯವಿಟ್ಟು "ಅರ್ಥ ಆಯ್ತಾ?" ಅಂತ ಮಾತ್ರ ಕೇಳಬೇಡಿ. "ನೀನೇ ಹೇಳು" ಅನ್ನಿ. "ಮಾಡಿ ತೋರಿಸು" ಅನ್ನಿ.

ಯಾಕೆ ಅಂತ ಡೆರೆಕ್ ಮುಲ್ಲರ್ ಅವರ ಸಂಶೋಧನೆ ಹೇಳುತ್ತದೆ. ಈಗ ಅವರು ವೆರಿಟಾಸಿಯಂ ಅನ್ನುವ ಯೂಟ್ಯೂಬ್ ವಿಜ್ಞಾನ ಚಾನೆಲ್‌ನಿಂದ ಹೆಸರುವಾಸಿ. 2008ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ್ದು ಇದೇ ವಿಷಯದ ಮೇಲೆ. ಭೌತಶಾಸ್ತ್ರದ ಒಂದೇ ಪಾಠವನ್ನು ಬೇರೆ ಬೇರೆ ಥರದ ಸ್ಕ್ರಿಪ್ಟುಗಳಲ್ಲಿ ವಿಡಿಯೋ ಮಾಡಿದರು. ಒಂದರಲ್ಲಿ ಸರಿಯಾದ ವಿವರಣೆ ಮಾತ್ರ, ಸ್ಪಷ್ಟವಾಗಿ. ಇನ್ನೊಂದರಲ್ಲಿ ಒಬ್ಬ ವಿದ್ಯಾರ್ಥಿ ಸಾಮಾನ್ಯವಾಗಿ ಎಲ್ಲರೂ ನಂಬುವ ತಪ್ಪನ್ನು ಹೇಳುತ್ತಾನೆ, ಆಮೇಲೆ ಮಾತುಕತೆಯಲ್ಲಿ ಅದು ಬಿಡಿಸಿಕೊಳ್ಳುತ್ತದೆ. ಮೊದಲನೆಯದನ್ನು ನೋಡಿದವರು ತುಂಬಾ ಸ್ಪಷ್ಟವಾಗಿದೆ ಅಂದರು, ಪರೀಕ್ಷೆಯಲ್ಲಿ ಹೆಚ್ಚು ಸುಧಾರಿಸಲಿಲ್ಲ. ಎರಡನೆಯದನ್ನು ನೋಡಿದವರಿಗೆ ತಲೆ ಜಾಸ್ತಿ ಓಡಿಸಬೇಕಾಯಿತು, ಕಲಿತದ್ದೂ ಅವರೇ ಜಾಸ್ತಿ. ಹಾಗಿದ್ದಮೇಲೆ ತಪ್ಪು ತಿಳಿವಳಿಕೆ ಸ್ಕ್ರಿಪ್ಟಿನಲ್ಲೇ ಬರಬೇಕು. ಅದು ಯಾವುದು ಅಂತ ತಿಳಿಯಬೇಕಾದರೆ ಮತ್ತೆ ಮಕ್ಕಳ ಹತ್ತಿರವೇ ಹೋಗಬೇಕು, ಅಲ್ವಾ?

ಕೊನೆಗೆ ನಮ್ಮ ಊರಿನ ಕೆಲಸ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ರಿಕಿನ್ ಗಾಂಧಿ ಮತ್ತು ಜೊತೆಗಾರರು ಡಿಜಿಟಲ್ ಗ್ರೀನ್ ಅನ್ನುವ ಯೋಜನೆ ಶುರು ಮಾಡಿದರು. ಗ್ರೀನ್ ಫೌಂಡೇಶನ್ ಅನ್ನುವ ಸ್ವಯಂಸೇವಾ ಸಂಸ್ಥೆಯ ಜೊತೆ ಸೇರಿ ಕರ್ನಾಟಕದ ಹಳ್ಳಿಗಳಲ್ಲಿ ರೈತರನ್ನೇ ಇಟ್ಟುಕೊಂಡು ಬೇಸಾಯದ ವಿಡಿಯೋ ಮಾಡಿದರು. ತೋರಿಸುವಾಗ ಊರಿನವರೇ ಒಬ್ಬರು ನಡುನಡುವೆ ನಿಲ್ಲಿಸಿ, ಪ್ರಶ್ನೆ ಕೇಳಿ, ಚರ್ಚೆ ಮಾಡಿಸುತ್ತಿದ್ದರು. 16 ಹಳ್ಳಿಗಳ ಪ್ರಯೋಗ, ಅದರಲ್ಲಿ ಎಂಟು ಹೋಲಿಕೆಗೆ. ಅಧಿಕಾರಿ ಬಂದು ಹೇಳಿಹೋಗುವ ಹಳೆಯ ಪದ್ಧತಿಗಿಂತ ಕೆಲವು ಬೇಸಾಯ ಕ್ರಮಗಳನ್ನು ಅಳವಡಿಸಿಕೊಂಡದ್ದು ಏಳು ಪಟ್ಟು ಹೆಚ್ಚು. ಖರ್ಚು ಮಾಡಿದ ದುಡ್ಡಿನ ಲೆಕ್ಕದಲ್ಲಿ ಹತ್ತು ಪಟ್ಟು ಹೆಚ್ಚು ಪರಿಣಾಮ. ಸ್ಟುಡಿಯೋ ಇಲ್ಲ, ಹೆಸರಾಂತ ನಿರೂಪಕರಿಲ್ಲ. ಕಲಿಯುವವರು ವಿಡಿಯೋ ತಯಾರಾಗುವ ಜಾಗದಲ್ಲೇ ಇದ್ದರು.

ಆದ್ದರಿಂದ ಪಾಠದ ವಿಡಿಯೋಗೆ ದುಡ್ಡು ಕೊಡುವ ಇಲಾಖೆ, ಶಾಲೆ, ಕಂಪನಿಯವರಿಗೆ ನನ್ನ ಬೇಡಿಕೆ ಇದು. ಕರಾರಿನಲ್ಲಿ ಎಷ್ಟು ನಿಮಿಷ, ಎಷ್ಟು ಎಚ್‌ಡಿ ಅಂತ ಬರೆಯುತ್ತೀರಿ. ಇನ್ನೊಂದು ಸಾಲು ಸೇರಿಸಿ. ಶೂಟಿಂಗ್‌ಗೆ ಮೊದಲು ಒರಟು ಸ್ಕ್ರಿಪ್ಟನ್ನೂ ಸ್ಟೋರಿಬೋರ್ಡನ್ನೂ (ದೃಶ್ಯಗಳ ಪೆನ್ಸಿಲ್ ಚಿತ್ರಗಳ ಸಾಲು) ಕಲಿಯುವವರ ಮುಂದೆ ಇಡಬೇಕು, ಅವರು ಎಡವಿದ ಜಾಗಗಳನ್ನೂ ತಿದ್ದಿದ್ದನ್ನೂ ಬರೆದು ಒಪ್ಪಿಸಬೇಕು. ಆ ಕೆಲಸಕ್ಕೆ ಬೇರೆ ಹಣ ಇಡಿ, ಬೇರೆ ಸಮಯ ಕೊಡಿ. ಆ ಪಟ್ಟಿ ಕೈಗೆ ಬರುವವರೆಗೆ ಶೂಟಿಂಗ್‌ಗೆ ಒಪ್ಪಿಗೆ ಕೊಡಬೇಡಿ.